ಕೂಸಿನ ಬಾಟಲಿಯಲ್ಲಿ ಆನಿಸ್ ಚಹಾ: ಜರ್ಮನಿಯ ಒಂದು ಪ್ರಕರಣ, ಗಾಮಾ ಕಿರಣದ ಪ್ರಶ್ನೆ

ಕೂಸು ರಾತ್ರಿಯಿಡೀ ಅಳುತ್ತದೆ. ಹೊಟ್ಟೆ ತಮಟೆಯ ಹಾಗೆ ಬಿಗಿದಿರುತ್ತದೆ. ಆಗ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ? ಓಂಕಾಳು ಕುದಿಸಿ ಸೋಸಿದ ನೀರು, ಇಲ್ಲವೇ ಸೋಂಪಿನ ನೀರು, ಒಂದೆರಡು ಚಮಚ. ಜರ್ಮನಿಯ ಮನೆಗಳಲ್ಲೂ ಇಂಥದ್ದೇ ರೂಢಿ ಇದೆ. ಸೋಂಪು, ಆನಿಸ್, ಶಾಹಜೀರಿಗೆ ಮೂರನ್ನೂ ಬೆರೆಸಿದ ‘ಚಹಾ’ ಅಲ್ಲಿ ಅಂಗಡಿಯಲ್ಲೇ ಸಿಗುತ್ತದೆ. ಹೆಸರಿಗೆ ಚಹಾ, ಚಹಾ ಎಲೆ ಅದರಲ್ಲಿ ಇರುವುದಿಲ್ಲ. ಆನಿಸ್ ಅಂದರೆ ಸೋಂಪಿನ ಬಳಗದ್ದೇ ಕಾಳು. ಅದೇ ಸಿಹಿ ವಾಸನೆ, ಗಾತ್ರ ಸ್ವಲ್ಪ ಚಿಕ್ಕದು.

2002ರ ಅಕ್ಟೋಬರ್‌ನಿಂದ 2003ರ ಜುಲೈವರೆಗೆ ಜರ್ಮನಿಯ ಬೇರೆ ಬೇರೆ ಊರುಗಳಲ್ಲಿ 42 ಕೂಸುಗಳಿಗೆ ಒಂದೇ ಬಗೆಯ ಸಾಲ್ಮೊನೆಲ್ಲಾ (ಭೇದಿ ತರುವ ಬ್ಯಾಕ್ಟೀರಿಯಾ) ಸೋಂಕು ತಗುಲಿತು. ಎಲ್ಲವೂ 13 ತಿಂಗಳೊಳಗಿನ ಮಕ್ಕಳು. ಮೂಲ ಹುಡುಕುತ್ತ ಹೋದವರು ಕೊನೆಗೆ ತಲುಪಿದ್ದು ಈ ಚಹಾದ ಪೊಟ್ಟಣಕ್ಕೆ.

ಬ್ಯಾಕ್ಟೀರಿಯಾ ಕೊಲ್ಲಲು ಔಷಧಿ ಮೂಲಿಕೆಗಳಿಗೆ ಗಾಮಾ ಕಿರಣದಂಥ ವಿಕಿರಣ ಕೊಡುವ ಮಾತು ಬಂದರೆ ನಮ್ಮಲ್ಲಿ ಚರ್ಚೆ ಸಾಮಾನ್ಯವಾಗಿ ರಫ್ತಿನ ಕಡೆ ತಿರುಗುತ್ತದೆ. ಯಾವ ದೇಶ ಒಪ್ಪುತ್ತದೆ, ಯಾವ ದೇಶ ವಾಪಸ್ ಕಳಿಸುತ್ತದೆ, ಎಷ್ಟು ದಿನ ಕೆಡದೆ ಉಳಿಯುತ್ತದೆ. ನನಗೆ ಮಾತ್ರ ಮೊದಲು ನೆನಪಾಗುವುದು ಈ 42 ಮಕ್ಕಳು. ಅದಕ್ಕೇ ಈ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡೋಣ ಅನ್ನಿಸಿತು.

ಸುಳಿವು ಸಿಕ್ಕಿದ್ದು ಹೇಗೆ

ಜರ್ಮನಿಯಲ್ಲಿ ಸೋಂಕು ರೋಗಗಳ ಹೊಸ ಕಾನೂನು ಜಾರಿಗೆ ಬಂದದ್ದು 2001ರ ಜನವರಿಯಲ್ಲಿ. ಪ್ರಯೋಗಾಲಯದಲ್ಲಿ ಪತ್ತೆಯಾದ ಸಾಲ್ಮೊನೆಲ್ಲಾ ಪ್ರಕರಣಗಳ ವಿವರ ಅಂದಿನಿಂದ ಬರ್ಲಿನ್‌ನ ರಾಬರ್ಟ್ ಕಾಖ್ ಸಂಸ್ಥೆಗೆ (ಸೋಂಕು ರೋಗಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ) ಕಂಪ್ಯೂಟರ್ ಮೂಲಕ ಬಂದು ಸೇರುತ್ತಿತ್ತು. ಈ ವ್ಯವಸ್ಥೆ ಇಲ್ಲದಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲವೇನೋ. ಯಾಕೆಂದರೆ ಒಂದು ಊರಿನಲ್ಲಿ ಒಂದು ಕೂಸು, ಇನ್ನೊಂದು ಊರಿನಲ್ಲಿ ಮತ್ತೊಂದು. ಯಾವ ವೈದ್ಯರ ಕಣ್ಣಿಗೂ ಅದು ಹರಡುತ್ತಿರುವ ರೋಗದ ಹಾಗೆ ಕಾಣುವುದಿಲ್ಲ. ಎಳೆ ಮಕ್ಕಳಿಗೆ ಭೇದಿ ಆಗುವುದು ಹೊಸದೇನಲ್ಲ ಅಲ್ವಾ?

ಸಾಲ್ಮೊನೆಲ್ಲಾದಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಬಗೆಗಳಿವೆ. ಈ ಬಾರಿ ಕಂಡದ್ದು ‘ಅಗೋನಾ’ ಎಂಬ ಬಗೆ. 1952ರಲ್ಲಿ ಘಾನಾ ದೇಶದಲ್ಲಿ ಮೊದಲು ಗುರುತಿಸಿದ್ದು, ಅಲ್ಲಿನ ಊರಿನ ಹೆಸರೇ ಅದಕ್ಕೆ ಬಂದಿದೆ. ಅಪರೂಪದ ಬಗೆಯಾದ್ದರಿಂದ ಅದರ ಸಂಖ್ಯೆ ಏರಿದ್ದು ಎದ್ದು ಕಂಡಿತು. ಅದೂ ಹಾಲು ಕುಡಿಯುವ ಮಕ್ಕಳಲ್ಲೇ ಏರಿತ್ತು.

ಆಮೇಲೆ ನಡೆದದ್ದು ರೋಗ ಪತ್ತೆಯ ಹಳೆಯ, ಶ್ರಮದ ಕೆಲಸ. ಕಾಯಿಲೆ ಬಿದ್ದ ಮಕ್ಕಳ ತಂದೆ ತಾಯಿಯನ್ನು ಮಾತಾಡಿಸಿದರು. ಆರೋಗ್ಯವಾಗಿದ್ದ ಮಕ್ಕಳ ಮನೆಗಳಲ್ಲೂ ಅದೇ ಪ್ರಶ್ನೆ ಕೇಳಿದರು. ಏನು ಕುಡಿಸಿದಿರಿ, ಯಾವ ಪುಡಿ ಹಾಲು, ಯಾವ ನೀರು? ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟಾಗ ಸೋಂಪು-ಆನಿಸ್-ಶಾಹಜೀರಿಗೆ ಚಹಾದ ಹೆಸರು ಮೇಲೆದ್ದಿತು. ಪೊಟ್ಟಣಗಳಲ್ಲಿ ಹುಡುಕಿದರು. ಸಾಲ್ಮೊನೆಲ್ಲಾ ಅಗೋನಾ ಸಿಕ್ಕಿತು. ಮೂರು ಕಾಳುಗಳಲ್ಲಿ ತಪ್ಪು ಆನಿಸ್‌ನದ್ದು, ಅದು ಟರ್ಕಿಯಿಂದ ಆಮದಾದ ಸರಕು ಎಂದು ತಿಳಿಯಿತು. ಮಕ್ಕಳ ಮಲದಲ್ಲಿ ಸಿಕ್ಕ ಬ್ಯಾಕ್ಟೀರಿಯಾಕ್ಕೂ ಕಾಳಿನಲ್ಲಿ ಸಿಕ್ಕದ್ದಕ್ಕೂ ವಂಶದ ಗುರುತು ಹೊಂದಿಕೆಯಾಯಿತು.

ಕುದಿಯುವ ನೀರು ಹಾಕಿದ ಮೇಲೂ ಹೇಗೆ ಉಳಿಯಿತು?

ಈ ಪ್ರಕರಣದ ತಿರುಳು ಇರುವುದೇ ಇಲ್ಲಿ. ಚಹಾ ಅಂದ ಮೇಲೆ ಬಿಸಿ ನೀರು ಹಾಕುತ್ತೇವೆ. ಬಿಸಿ ನೀರಿಗೆ ಸಾಲ್ಮೊನೆಲ್ಲಾ ಸಾಯಬೇಕು. ಹಾಗಿದ್ದರೆ 42 ಮಕ್ಕಳು ಯಾಕೆ ಕಾಯಿಲೆ ಬಿದ್ದರು?

ಮೊದಲನೆಯದು, ಒಣಗಿದ ಬ್ಯಾಕ್ಟೀರಿಯಾ ಗಟ್ಟಿ ಜೀವ. ಒದ್ದೆ ಆಹಾರದಲ್ಲಿ ಬೇಗ ಸಾಯುವ ಸಾಲ್ಮೊನೆಲ್ಲಾ, ಒಣ ಕಾಳಿನ ಮೇಲೆ ಶಾಖವನ್ನು ಜಾಸ್ತಿ ಹೊತ್ತು ತಡೆದುಕೊಳ್ಳುತ್ತದೆ. ಅಗೋನಾ ಬಗೆ ಒಣ ಜಾಗದಲ್ಲಿ ಎಷ್ಟು ಕಾಲ ಬದುಕಬಲ್ಲದು ಎಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ಇದೆ. 1998ರಲ್ಲಿ ಒಂದು ಕಾರ್ಖಾನೆಯ ಓಟ್ಸ್ ತಿನಿಸಿನಿಂದ ನೂರಾರು ಜನರಿಗೆ ಅಗೋನಾ ಸೋಂಕು ತಗುಲಿತ್ತು. ಹತ್ತು ವರ್ಷ ಬಿಟ್ಟು, 2008ರಲ್ಲಿ, ಅದೇ ಕಾರ್ಖಾನೆಯ ತಿನಿಸಿನಿಂದ ಅದೇ ವಂಶದ ಬ್ಯಾಕ್ಟೀರಿಯಾ ಮತ್ತೆ ಕಾಣಿಸಿಕೊಂಡಿತು.

ಎರಡನೆಯದು ಅಡುಗೆಮನೆಯ ಮಾತು. ಕೆಟಲ್‌ನಲ್ಲಿ ಕುದಿದ ನೀರು ತಣ್ಣನೆಯ ಲೋಟಕ್ಕೆ ಬಿದ್ದ ಕೂಡಲೇ ಅದರ ಬಿಸಿ ಇಳಿಯಲು ಶುರುವಾಗುತ್ತದೆ. ನೀರಿಗೆ ಅದ್ದುವ ಸಣ್ಣ ಪೊಟ್ಟಣದ (ಟೀ ಬ್ಯಾಗ್) ಒಳಗೆ ಕಾಳುಗಳು ಒತ್ತಾಗಿರುತ್ತವೆ. ಕೂಸು ಅಳುತ್ತಿರುವಾಗ ತಾಯಿಗೆ ಬೇಗ ತಣ್ಣಗಾದರೆ ಸಾಕು ಅನ್ನಿಸುತ್ತದೆ. ಉಗುರುಬೆಚ್ಚಗಿನ ನೀರಿಗೇ ಪೊಟ್ಟಣ ಅದ್ದಿದರೆ ಅದು ಬ್ಯಾಕ್ಟೀರಿಯಾಕ್ಕೆ ಬೆಚ್ಚನೆಯ ಸ್ನಾನ ಮಾಡಿಸಿದ ಹಾಗೆ. ಮಾಡಿಟ್ಟ ಚಹಾವನ್ನು ಬಾಟಲಿಯಲ್ಲಿ ಗಂಟೆಗಟ್ಟಲೆ ಹಾಗೇ ಬಿಟ್ಟರೆ, ಉಳಿದ ನಾಲ್ಕು ಬ್ಯಾಕ್ಟೀರಿಯಾ ನೂರಾಗಲು ಹೊತ್ತು ಸಿಗುತ್ತದೆ. ಹತ್ತು ತಿಂಗಳ ಕೂಸಿಗೆ ರೋಗ ತಗುಲಲು ದೊಡ್ಡವರಿಗಿಂತ ಕಡಿಮೆ ಸಾಕು.

ತನಿಖೆ ಮಾಡಿದವರು ಬರೆದ ವರದಿಯ ಒಂದು ಮಾತು ನನ್ನನ್ನು ತುಂಬ ಕಾಡಿದೆ. ಪೊಟ್ಟಣದ ಮೇಲೆ ಬರೆದ ಹಾಗೆಯೇ ಚಹಾ ಮಾಡಿ ಎಂದು ಅವರು ಜನರಿಗೆ ಹೇಳಿದರು. ಅದರ ಜೊತೆಗೇ, ಅಪರೂಪಕ್ಕೆ ಆ ಎಚ್ಚರಿಕೆಯೂ ಸಾಲದೆ ಹೋಗಬಹುದು ಎಂದೂ ಒಪ್ಪಿಕೊಂಡರು. ಅಂದರೆ ಎಲ್ಲವನ್ನೂ ಸರಿಯಾಗಿ ಮಾಡಿದ ತಾಯಿಯ ಮಗುವಿಗೂ ರಕ್ಷಣೆ ಪೂರ್ತಿ ಇರಲಿಲ್ಲ.

ಮೂಲಿಕೆಗಳ ಗುಣಮಟ್ಟದ ನಿಯಮಗಳೂ ಕೆಟಲ್‌ನ ಮೇಲೆಯೇ ಭಾರ ಹಾಕಿವೆ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಪ್ರಕಟಿಸಿದ ಮಿತಿಗಳನ್ನು ನೋಡಿ. ನೇರವಾಗಿ ಹೊಟ್ಟೆಗೆ ತೆಗೆದುಕೊಳ್ಳುವ ಮೂಲಿಕೆಯಲ್ಲಿ ಗ್ರಾಂಗೆ 1 ಲಕ್ಷ ಬ್ಯಾಕ್ಟೀರಿಯಾ ತನಕ ಒಪ್ಪಿಗೆ. ಕುದಿಯುವ ನೀರು ಹಾಕಿ ಬಳಸುವ ಮೂಲಿಕೆಯಾದರೆ 1 ಕೋಟಿ ತನಕ. ಮಲದ ಸೋಂಕಿನ ಗುರುತಾದ ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 100. ಎರಡರಲ್ಲೂ ಸಾಲ್ಮೊನೆಲ್ಲಾ ಇರಲೇಬಾರದು. ಲೆಕ್ಕ ಸರಿಯಾಗಿಯೇ ಇದೆ. ಆದರೆ ನೀರು ನಿಜವಾಗಿ ಕುದಿದಿರುತ್ತದೆ ಎಂದು ನಂಬಿ ಹಾಕಿದ ಲೆಕ್ಕ ಅದು.

ಪರೀಕ್ಷೆ ಮಾಡಿ ತಡೆಯಬಹುದಿತ್ತೇ?

‘ಪ್ರತಿ ಚೀಲವನ್ನೂ ಪರೀಕ್ಷೆ ಮಾಡಿದ್ದರೆ ಆಗುತ್ತಿತ್ತಲ್ಲ’ ಎಂದು ಯಾರಿಗಾದರೂ ಅನ್ನಿಸುತ್ತದೆ. ಇಲ್ಲಿ ಆನಿಸ್‌ನಲ್ಲಿದ್ದ ಸಾಲ್ಮೊನೆಲ್ಲಾ ತುಂಬ ಕಡಿಮೆ. ಗ್ರಾಂಗೆ ಒಂದು ಕೂಡ ಇರಲಿಲ್ಲ. ಸುಮ್ನೆ ಲೆಕ್ಕಕ್ಕೆ 50 ಗ್ರಾಂಗೆ ಒಂದು ಬ್ಯಾಕ್ಟೀರಿಯಾ ಎಂದಿಟ್ಟುಕೊಳ್ಳಿ. ಸಾಲ್ಮೊನೆಲ್ಲಾ ಪರೀಕ್ಷೆಗೆ ಸಾಮಾನ್ಯವಾಗಿ ತೆಗೆಯುವುದು 25 ಗ್ರಾಂ. ಹೀಗೆ ತೆಗೆದ 100 ಮಾದರಿಗಳಲ್ಲಿ ಸುಮಾರು 60ರಲ್ಲಿ ಏನೂ ಸಿಗುವುದಿಲ್ಲ. ಕಾಗದದ ಮೇಲೆ ಸರಕು ಶುದ್ಧ. ಜೊತೆಗೆ ಬ್ಯಾಕ್ಟೀರಿಯಾ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ, ಅಲ್ಲಲ್ಲಿ ಗುಂಪಾಗಿರುತ್ತದೆ. ಕೊಯ್ದ ಗಿಡವನ್ನು ನೆಲದ ಮೇಲೆ ಹರಡಿ ಒಣಗಿಸುತ್ತಾರೆ. ಹಕ್ಕಿ ಹಿಕ್ಕೆ ಹಾಕುತ್ತದೆ, ಇಲಿ ಓಡಾಡುತ್ತದೆ, ಹಸಿ ಗೊಬ್ಬರದ ದೂಳು ಬೀಳುತ್ತದೆ. ಒಂದು ಮೂಲೆ ಮಲಿನ, ಉಳಿದದ್ದೆಲ್ಲ ಚೊಕ್ಕ.

ಆದ್ದರಿಂದ ಪರೀಕ್ಷೆಯ ಜೊತೆಗೆ, ಇಡೀ ಸರಕಿನಲ್ಲಿ ಎಲ್ಲಿ ಅಡಗಿದ್ದರೂ ಕೊಲ್ಲುವ ಒಂದು ಹಂತ ಬೇಕು. ಅದಕ್ಕೆ ಕೈಗೆ ಸಿಗುವ ದಾರಿಗಳು ಮುಖ್ಯವಾಗಿ ಮೂರು.

ಒಂದು ಹಬೆ. ಒಳ್ಳೆಯ ದಾರಿಯೇ. ಆದರೆ ಆನಿಸ್, ಸೋಂಪು, ಓಂಕಾಳಿನಲ್ಲಿ ಔಷಧಿ ಅಂದರೆ ಅದರ ಸುವಾಸನೆಯ ಎಣ್ಣೆಯೇ. ಆನಿಸ್ ಎಣ್ಣೆಯಲ್ಲಿ ಬಹುಪಾಲು ಇರುವುದು ಅನೆಥೋಲ್. ಕಾಳಿನಿಂದ ಎಣ್ಣೆ ತೆಗೆಯುವುದೂ ಹಬೆ ಹಾಯಿಸಿಯೇ. ಹಾಗಾಗಿ ಹಬೆ ಕೊಟ್ಟು ಶುದ್ಧ ಮಾಡುವಾಗ ಎಣ್ಣೆ ಸ್ವಲ್ಪ ಹೋಗುತ್ತದೆ, ಒದ್ದೆಯಾದದ್ದನ್ನು ಮತ್ತೆ ಒಣಗಿಸುವ ಕೆಲಸವೂ ಬೀಳುತ್ತದೆ.

ಎರಡು, ಎಥಿಲೀನ್ ಆಕ್ಸೈಡ್ ಅನಿಲ. ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಕೊಲ್ಲುತ್ತದೆ, ಆದರೆ ಕಾಳಿನಲ್ಲಿ ತನ್ನ ಶೇಷ ಬಿಡುತ್ತದೆ. 1994ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದರು. ಯುರೋಪಿನಲ್ಲಿ ಆಹಾರಕ್ಕೆ ಇದರ ಬಳಕೆ 1991ರಿಂದಲೇ ನಿಷೇಧ. 2020ರಲ್ಲಿ ನಮ್ಮ ದೇಶದ ಎಳ್ಳು ಯುರೋಪಿನಲ್ಲಿ ಸಿಕ್ಕಿಬಿದ್ದದ್ದು, 2024ರಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರ ನಮ್ಮ ಮಸಾಲೆ ಪುಡಿಗಳನ್ನು ತಡೆದದ್ದು ಇದೇ ಅನಿಲದ ದೆಸೆಯಿಂದ. ಕೂಸಿನ ಚಹಾಕ್ಕೆ ಇದರ ಹೆಸರೂ ಎತ್ತಬಾರದು.

ಮೂರನೆಯದು ವಿಕಿರಣ.

ಗಾಮಾ ಕಿರಣ ಈ ಚೀಲಕ್ಕೆ ಏನು ಮಾಡುತ್ತಿತ್ತು

ಗಾಮಾ ಕಿರಣ ಸೂಸುವ ಕೋಬಾಲ್ಟ್-60 ಎಂಬ ವಿಕಿರಣಶೀಲ ವಸ್ತು ತುಂಬಿದ ಲೋಹದ ಕಡ್ಡಿಗಳನ್ನು ಒಂದು ಚೌಕಟ್ಟಿನಲ್ಲಿ ಜೋಡಿಸಿರುತ್ತಾರೆ. ಕೆಲಸವಿಲ್ಲದಾಗ ಅದು ಆಳವಾದ ನೀರಿನ ಕೊಳದ ತಳದಲ್ಲಿರುತ್ತದೆ. ಕೆಲಸದ ಹೊತ್ತಿಗೆ ಮೇಲೆತ್ತುತ್ತಾರೆ. ಸುತ್ತ ದಪ್ಪ ಕಾಂಕ್ರೀಟ್ ಗೋಡೆ. ಮೂಲಿಕೆಯ ಪೆಟ್ಟಿಗೆಗಳು, ಸೀಲ್ ಆದ ಹಾಗೆಯೇ, ಕನ್ವೇಯರ್ ಮೇಲೆ ಒಳಗೆ ಹೋಗಿ ಕಡ್ಡಿಗಳ ಸುತ್ತ ಸಾಗಿ ಹೊರಗೆ ಬರುತ್ತವೆ. ಕೋಬಾಲ್ಟ್ ಮೂಲಿಕೆಯನ್ನು ಮುಟ್ಟುವುದೇ ಇಲ್ಲ. ಅದರ ಕಿರಣ ಮಾತ್ರ ಹಾದುಹೋಗುತ್ತದೆ.

ಎಷ್ಟು ಕಿರಣ ಹಿಡಿಯಿತು ಎಂಬುದನ್ನು ಗ್ರೇ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಕಿಲೋ ವಸ್ತು ಒಂದು ಜೂಲ್ ಶಕ್ತಿ ಹೀರಿಕೊಂಡರೆ ಒಂದು ಗ್ರೇ. ಮಸಾಲೆ, ಮೂಲಿಕೆಗೆ ಕೊಡುವುದು ಕೆಲವು ಸಾವಿರ ಗ್ರೇ, ಅಂದರೆ ಕೆಲವು ಕಿಲೋಗ್ರೇ. ಕೇಳಲು ದೊಡ್ಡದು. ಆದರೆ 10 ಕಿಲೋಗ್ರೇಯನ್ನು ಒಂದು ಕಿಲೋ ನೀರಿಗೆ ಕೊಟ್ಟರೆ ಅದರ ಬಿಸಿ ಎರಡೂವರೆ ಡಿಗ್ರಿಯಷ್ಟೂ ಏರುವುದಿಲ್ಲ. ಕಾಳು ಬೇಯುವುದಿಲ್ಲ, ಒದ್ದೆಯಾಗುವುದಿಲ್ಲ. ಆದರೆ ಬ್ಯಾಕ್ಟೀರಿಯಾದ ಡಿಎನ್ಎ ಎಳೆಗಳು ತುಂಡಾಗುತ್ತವೆ. ಅಷ್ಟಾದರೆ ಅದು ಮತ್ತೆ ಹುಟ್ಟಿ ಬೆಳೆಯಲಾರದು.

ಕಾಳೇ ವಿಕಿರಣಶೀಲ ಆಗಿಬಿಡುತ್ತದೆಯೇ ಎಂಬ ಭಯ ಸಹಜ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಕೋಬಾಲ್ಟ್-60ರ ಗಾಮಾ ಕಿರಣದ ಶಕ್ತಿ 1.17 ಮತ್ತು 1.33 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಆಹಾರದಲ್ಲಿರುವ ಪರಮಾಣುಗಳನ್ನು ವಿಕಿರಣಶೀಲ ಮಾಡಲು ಇದು ಸಾಲದು. ಬೆಳಕು ಬಿದ್ದ ಗೋಡೆ ತಾನೇ ದೀಪ ಆಗುವುದಿಲ್ಲವಲ್ಲ, ಹಾಗೆ.

ಈಗ ನಮ್ಮ ಆನಿಸ್ ಚೀಲದ ಲೆಕ್ಕಕ್ಕೆ ಬರೋಣ. ಒಣ ಕಾಳಿನ ಮೇಲಿನ ಸಾಲ್ಮೊನೆಲ್ಲಾವನ್ನು ಹತ್ತರಲ್ಲಿ ಒಂದಕ್ಕೆ ಇಳಿಸಲು ಸಾಮಾನ್ಯವಾಗಿ 1 ಕಿಲೋಗ್ರೇಗಿಂತ ಕಡಿಮೆ ಸಾಕು. ಪೂರ್ತಿ 1 ಎಂದೇ ಹಿಡಿಯೋಣ. ಮೇಲೆ ಹೇಳಿದ 50 ಗ್ರಾಂಗೆ ಒಂದು ಲೆಕ್ಕದಲ್ಲಿ ಒಂದು ಟನ್ ಆನಿಸ್‌ನಲ್ಲಿ 20,000 ಬ್ಯಾಕ್ಟೀರಿಯಾ. 5 ಕಿಲೋಗ್ರೇ ಕೊಟ್ಟರೆ ಲಕ್ಷಕ್ಕೆ ಒಂದು ಉಳಿಯುತ್ತದೆ. ಅಂದರೆ ಐದು ಟನ್ ಸರಕಿನಲ್ಲಿ ಒಂದೇ ಒಂದು. ಅದೂ ಚೀಲ ಬಿಚ್ಚದೆ, ಎಣ್ಣೆ ಕಳೆಯದೆ. ಮಸಾಲೆಗಳ ಮೇಲೆ ನಡೆದ ಅಧ್ಯಯನಗಳಲ್ಲಿ 10 ಕಿಲೋಗ್ರೇ ತನಕ ಸುವಾಸನೆಯ ಎಣ್ಣೆಯಲ್ಲಿ ದೊಡ್ಡ ಬದಲಾವಣೆ ಸಾಮಾನ್ಯವಾಗಿ ಕಂಡಿಲ್ಲ. ಹಾಗೆಂದು ಎಲ್ಲ ಮೂಲಿಕೆಗೂ ಒಂದೇ ಮಾತು ನಡೆಯುವುದಿಲ್ಲ. ಪ್ರತಿಯೊಂದರಲ್ಲೂ ಔಷಧಿ ಅಂಶ ಬೇರೆ, ಪ್ರತಿಯೊಂದನ್ನೂ ಪರೀಕ್ಷಿಸಿಯೇ ಪ್ರಮಾಣ ಗೊತ್ತು ಮಾಡಬೇಕು.

ಪ್ರಮಾಣದ ವಿಷಯದಲ್ಲಿ ಸಡಿಲ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. 2008ರ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಆಮದು ಮಾಡಿದ ಬೆಕ್ಕಿನ ಆಹಾರಕ್ಕೆ 50 ಕಿಲೋಗ್ರೇ ಮಟ್ಟದ ವಿಕಿರಣ ಕೊಟ್ಟಿದ್ದರು. ಅದನ್ನೇ ತಿಂದ ಹಲವು ಬೆಕ್ಕುಗಳ ಕಾಲು ಸ್ವಾಧೀನ ತಪ್ಪಿತು. ಆ ದೇಶ 2009ರಲ್ಲಿ ಬೆಕ್ಕಿನ ಆಹಾರಕ್ಕೆ ವಿಕಿರಣ ಕೊಡುವುದನ್ನೇ ನಿಲ್ಲಿಸಿತು. ವಿಕಿರಣದ ಪರವಾಗಿ ಮಾತಾಡುವವರು ಇದನ್ನು ಮುಚ್ಚಿಡಬಾರದು. ಕೂಸಿನ ಚಹಾಕ್ಕೆ ಬೇಕಾಗುವುದು ಅದರ ಹತ್ತರಲ್ಲಿ ಒಂದು ಭಾಗದಷ್ಟು. ಆದರೆ ಆ ಮಿತಿಯನ್ನು ಅಳೆದು, ಬರೆದಿಟ್ಟು, ತೋರಿಸಬೇಕು.

ಹಾಗಿದ್ದರೆ ಯಾಕೆ ಕೊಡಲಿಲ್ಲ?

ಯುರೋಪಿಯನ್ ಒಕ್ಕೂಟ 1999ರಲ್ಲಿ ವಿಕಿರಣ ಕೊಡಬಹುದಾದ ಆಹಾರಗಳ ಪಟ್ಟಿ ಮಾಡಿತು. ಅದರಲ್ಲಿ ಇರುವುದು ಒಂದೇ ಸಾಲು: ಒಣಗಿದ ಸುವಾಸನೆಯ ಎಲೆಗಳು, ಮಸಾಲೆಗಳು, ತರಕಾರಿಯ ಒಗ್ಗರಣೆ ಸಾಮಾನು. ಮಿತಿ 10 ಕಿಲೋಗ್ರೇ. ವಿಕಿರಣ ಕೊಟ್ಟಿದ್ದರೆ ಪೊಟ್ಟಣದ ಮೇಲೆ ಬರೆಯಲೇಬೇಕು. ಮುಚ್ಚಿಡುವುದೂ ಸುಲಭವಲ್ಲ. ಮೂಲಿಕೆಗೆ ಅಂಟಿದ ಮಣ್ಣಿನ ಕಣಗಳನ್ನು ಬಿಡಿಸಿ ಕಾಯಿಸಿದರೆ, ವಿಕಿರಣ ಕಂಡ ಕಣಗಳು ಬೆಳಕು ಸೂಸುತ್ತವೆ. ಪ್ರಯೋಗಾಲಯಗಳು ಹೀಗೆಯೇ ಹಿಡಿಯುತ್ತವೆ. ಕಾಳಿನ ಮೇಲಿನ ದೂಳೇ ಸಾಕ್ಷಿ ಹೇಳುತ್ತದೆ!

ಜರ್ಮನಿಯಲ್ಲಿ ‘ವಿಕಿರಣ’ ಎಂಬ ಪದಕ್ಕೆ ಜನ ಹೆದರುತ್ತಾರೆ. 1986ರ ಚೆರ್ನೋಬಿಲ್ ದುರಂತದ ವಿಕಿರಣಶೀಲ ಮಳೆ ಆ ದೇಶದ ದಕ್ಷಿಣ ಭಾಗದಲ್ಲೂ ಬಿದ್ದಿತ್ತು. ಅದನ್ನು ಕಂಡ ತಾಯಂದಿರು ಕೂಸಿನ ಚಹಾದ ಡಬ್ಬಿಯ ಮೇಲೆ ಆ ಪದ ನೋಡಿದರೆ ಕೊಳ್ಳುತ್ತಾರೆಯೇ? ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಭಯಕ್ಕೆ ಉತ್ತರ ಕೊಡುವ ಕೆಲಸವನ್ನು ಯಾರೂ ಮಾಡದೆ, ಎಲ್ಲವನ್ನೂ ‘ಕುದಿಯುವ ನೀರು ಹಾಕಿ’ ಎಂಬ ಒಂದು ಸಾಲಿಗೆ ಬಿಟ್ಟರೆ ನ್ಯಾಯವಲ್ಲ. ಸರಕು ಹಡಗಿನಿಂದ ಇಳಿದಾಗ ಒಂದು ಸಲ ಮಾಡಬಹುದಾದ ಕೆಲಸವನ್ನು ನಿದ್ದೆಗೆಟ್ಟ ತಾಯಿ ಪ್ರತಿ ರಾತ್ರಿ ತಪ್ಪದೆ ಮಾಡಲಿ ಎಂದು ಬಯಸುವುದು ನನಗೆ ಒಪ್ಪಿಗೆಯಿಲ್ಲ.

ಅದೇ ವರ್ಷ, ಇನ್ನೊಂದು ಚಹಾ

ವಿಕಿರಣದ ಮಿತಿ ತಿಳಿಯಲು ಇದಕ್ಕಿಂತ ಒಳ್ಳೆಯ ಜೋಡಿ ಪ್ರಕರಣ ಸಿಗಲಾರದು. 2003ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಚಕ್ರಮೊಗ್ಗಿನ ಚಹಾ ಕುಡಿಯಬೇಡಿ ಎಂದು ಎಚ್ಚರಿಸಿತು. ಸುಮಾರು 40 ಜನ ಕಾಯಿಲೆ ಬಿದ್ದಿದ್ದರು, ಅವರಲ್ಲಿ ಸುಮಾರು 15 ಕೂಸುಗಳು. ಕೆಲವರಿಗೆ ಫಿಟ್ಸ್ ಬಂದಿತ್ತು. ನಾವು ಪಲಾವಿಗೆ ಹಾಕುವ ಚಕ್ರಮೊಗ್ಗು ಚೀನಾದ ಜಾತಿ, ತಿನ್ನಲು ಯೋಗ್ಯ. ಅದನ್ನೇ ಹೋಲುವ ಜಪಾನಿನ ಜಾತಿಯೊಂದಿದೆ, ಅದು ವಿಷ. ಒಣಗಿದ ಮೇಲೆ ಎರಡನ್ನೂ ಕಣ್ಣಿನಿಂದ ಬೇರೆ ಮಾಡುವುದು ಕಷ್ಟ. ಸಂದೇಹ ಇದ್ದದ್ದು ಈ ಬೆರಕೆಯ ಮೇಲೆ.

ಇಂಥ ಚೀಲಕ್ಕೆ 10 ಕಿಲೋಗ್ರೇ ಕೊಟ್ಟರೂ ಪ್ರಯೋಜನ ಶೂನ್ಯ. ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಹಾಗೇ ಇರುತ್ತದೆ. ಬೂಷ್ಟು ಹಿಡಿದು ಆಗಲೇ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಸೇರಿದ್ದರೆ ಅದೂ ಉಳಿಯುತ್ತದೆ. ಸೀಸ, ಪಾದರಸ, ಕೀಟನಾಶಕದ ಶೇಷಕ್ಕೂ ಅದೇ ಮಾತು. ವಿಕಿರಣ ಕೊಟ್ಟ ಮೇಲೆ ಚೀಲ ಬಿಚ್ಚಿ ಕೊಳಕು ಕೈಯಲ್ಲಿ ಪೊಟ್ಟಣ ಕಟ್ಟಿದರೆ ಕತೆ ಮತ್ತೆ ಮೊದಲಿನಿಂದ.

ಹಾಗಾಗಿ ಮೂಲಿಕೆ ಖರೀದಿಸುವವರು ಒಂದು ಕ್ರಮ ಇಟ್ಟುಕೊಳ್ಳಬೇಕು. ಮೊದಲು ಜಾತಿ ಸರಿಯೇ ನೋಡಿ. ಬೂಷ್ಟು, ವಿಷ, ಲೋಹ ಪರೀಕ್ಷಿಸಿ. ಅದರಲ್ಲಿ ಪಾಸಾದ ಸರಕಿಗೆ ಮಾತ್ರ ವಿಕಿರಣ. ಹಾಳಾದ ಸರಕನ್ನು ಒಪ್ಪವಾಗಿ ತೋರಿಸಲು ವಿಕಿರಣ ಬಳಸಿದರೆ ಅದು ಮೋಸ. ಬ್ಯಾಕ್ಟೀರಿಯಾ ಲೆಕ್ಕ ಕಡಿಮೆ ತೋರುತ್ತದೆ, ಒಳಗಿನ ಕೊಳಕು ಮುಚ್ಚಿಹೋಗುತ್ತದೆ.

ನಮ್ಮ ಕಡೆಗೆ ಬಂದರೆ

ಭಾರತದಲ್ಲಿ ಮಸಾಲೆಗಳಿಗೆ ವಿಕಿರಣ ಕೊಡಲು 1994ರಲ್ಲೇ ಒಪ್ಪಿಗೆ ಸಿಕ್ಕಿದೆ. ನವಿ ಮುಂಬೈನ ವಾಶಿಯಲ್ಲಿ 2000ದಲ್ಲಿ ಇದಕ್ಕೆಂದೇ ಸರ್ಕಾರಿ ಘಟಕ ಶುರುವಾಯಿತು. 2012ರ ನಿಯಮಗಳಲ್ಲಿ ಆಯುರ್ವೇದದ ಮೂಲಿಕೆ ಮತ್ತು ಅದರ ಉತ್ಪನ್ನಗಳನ್ನೂ ಸೇರಿಸಿದ್ದಾರೆ. ಬ್ಯಾಕ್ಟೀರಿಯಾ ಇಳಿಸಲು 5ರಿಂದ 10 ಕಿಲೋಗ್ರೇ. ಔಷಧಿಗಳ ಗುಣಮಟ್ಟ ಹೇಳುವ ಸರ್ಕಾರಿ ಗ್ರಂಥವಾದ ಆಯುರ್ವೇದ ಫಾರ್ಮಕೋಪಿಯಾದ ಪ್ರಕಾರ ಗ್ರಾಂಗೆ 1 ಲಕ್ಷಕ್ಕಿಂತ ಜಾಸ್ತಿ ಬ್ಯಾಕ್ಟೀರಿಯಾ, 1,000ಕ್ಕಿಂತ ಜಾಸ್ತಿ ಬೂಷ್ಟು ಇರಬಾರದು. ಸಾಲ್ಮೊನೆಲ್ಲಾ, ಇ. ಕೋಲಿ ಇರಲೇಬಾರದು. ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಗಾಮಾ ಘಟಕ ಇದೆ. ಅಮೆರಿಕಕ್ಕೆ ಹೋಗುವ ಮಾವು ಅಲ್ಲಿ ಕಿರಣ ಕಂಡು ಹೋಗುತ್ತದೆ.

ಅಂದರೆ ಕಾನೂನೂ ಇದೆ, ಯಂತ್ರವೂ ಇದೆ. ಆದರೆ ನಮ್ಮ ಗ್ರಂದಿಗೆ ಅಂಗಡಿಯಲ್ಲಿ ಗೋಣಿಚೀಲದಿಂದ ಅಳೆದು ಕಾಗದದಲ್ಲಿ ಕಟ್ಟಿಕೊಡುವ ಸೋಂಪು, ಬಜೆ, ಅಶ್ವಗಂಧ ಈ ದಾರಿಯಲ್ಲಿ ಬರುವುದಿಲ್ಲ. ಬಂದರೂ ಚೀಲ ಬಾಯಿ ತೆರೆದು ಕೂತಿರುವಾಗ ಉಪಯೋಗವಿಲ್ಲ. ನನ್ನ ಪ್ರಕಾರ ಮೊದಲು ಆಗಬೇಕಾದದ್ದು ಬೇಯಿಸದೆ ತೆಗೆದುಕೊಳ್ಳುವ ಚೂರ್ಣಗಳಿಗೆ. ಜೇನಿನಲ್ಲೋ ಹಾಲಿನಲ್ಲೋ ಕಲಸಿ ನೆಕ್ಕುವ ಪುಡಿಗೆ ಕೆಟಲ್‌ನ ರಕ್ಷಣೆಯೂ ಇಲ್ಲ. ಅವು ಸೀಲ್ ಮಾಡಿದ ಸಣ್ಣ ಪೊಟ್ಟಣದಲ್ಲೇ ಘಟಕಕ್ಕೆ ಹೋಗಿ, ವಿಕಿರಣದ ಹಸಿರು ಗುರುತಿನೊಂದಿಗೆ ಅಂಗಡಿಗೆ ಬರಲಿ. ಗುರುತು ಎದ್ದು ಕಾಣಲಿ, ಕೊಳ್ಳುವವರು ಕೇಳಲಿ, ಮಾರುವವರು ಉತ್ತರ ಹೇಳಲಿ.

ಅಲ್ಲಿಯ ತನಕ ಮನೆಯ ಕೆಲಸ ಮನೆಯಲ್ಲೇ ಆಗಬೇಕು. ಆರು ತಿಂಗಳ ತನಕ ಕೂಸಿಗೆ ತಾಯಿ ಹಾಲು ಬಿಟ್ಟು ಸೋಂಪಿನ ನೀರೂ ಬೇಡ, ಓಂಕಾಳಿನ ನೀರೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ತಾಯಿ ಹಾಲು ಮಾತ್ರ ಎಂದೇ. ಆಮೇಲೆ ಕೊಡುವುದಾದರೆ ಕಾಳನ್ನು ಬಿಸಿ ನೀರಿನಲ್ಲಿ ನೆನೆಹಾಕಬೇಡಿ. ತಣ್ಣೀರಿಗೇ ಹಾಕಿ ಒಲೆಯ ಮೇಲಿಡಿ, ಕುದಿ ಬಂದ ಮೇಲೂ ಹತ್ತು ನಿಮಿಷ ಮರಳಲಿ. ಸೋಸಿ, ಆರಿಸಿ, ಆಗಲೇ ಕುಡಿಸಿ. ಮಿಕ್ಕಿದ್ದನ್ನು ರಾತ್ರಿಗೆಂದು ಎತ್ತಿಡದೆ ಚೆಲ್ಲಿಬಿಡಿ.